ಅಪ್ಪಂಗೆ ಟಿಬಿ ಆಗಿತ್ತು ಅಂತ ತಂಗಿ ಸಂಬಂಧ ಬಿಟ್ಟೋಯ್ತು, ಟಿಬಿ ವಂಶದಲ್ಲಿ ಬರೋ ಕಾಯ್ಲೇನಾ?

ಕೆರೆದಂಡೆ:
ಎಲ್ರಿಗೂ ನಮಸ್ಕಾರ. ಇಲ್ಲಿ ಡಾಕ್ಟ್ರು, ಲ್ಯಾಬ್‌ನೋರು ಇದೀರಿ ಅಂತ ಧೈರ್ಯ ಮಾಡಿ ಕೇಳ್ತಿದೀನಿ. ನಮ್ದು ಮದ್ದೂರ್ ಹತ್ರ ಹಳ್ಳಿ. ತಂಗಿಗೆ ಒಂದು ಸಂಬಂಧ ಬಂದಿತ್ತು, ಹುಡುಗ ಬೆಂಗ್ಳೂರಲ್ಲಿ ಕೆಲ್ಸ, ಜಾತ್ಕ ಕೂಡಿತ್ತು, ಹೆಣ್ಣು ನೋಡಿ ಒಪ್ಕೊಂಡೂ ಆಗಿತ್ತು. ಆಮೇಲೆ ಅವ್ರ ಕಡೆಯೋರು ಯಾರೋ ನಮ್ಮೂರಲ್ಲಿ ವಿಚಾರ್ಸಿದಾರೆ, ಅಪ್ಪಂಗೆ 2017ರಲ್ಲಿ ಟಿಬಿ ಆಗಿತ್ತು ಅಂತ ಗೊತ್ತಾಗಿದೆ. ಅದಕ್ಕೆ ನಾಕು ವರ್ಷ ಮುಂಚೆ ದೊಡ್ಡಪ್ಪಂಗೂ ಆಗಿತ್ತು, ಅಜ್ಜಿ ನಾನು ಹುಟ್ಟೋಕ್ ಮುಂಚೇನೇ ಕೆಮ್ಮಿ ಕೆಮ್ಮಿ ಹೋದ್ರಂತೆ, ಅದೂ ಇದೇ ಇರ್ಬೇಕು. "ಒಂದೇ ಮನೇಲಿ ಮೂರು ಜನಕ್ಕೆ ಅಂದ್ರೆ ಅದು ರಕ್ತದಲ್ಲೇ ಇದೆ, ನಾಳೆ ಮೊಮ್ಮಕ್ಕಳಿಗೂ ಬರತ್ತೆ" ಅಂತ ಬ್ರೋಕರ್ ಕೈಲಿ ಹೇಳಿ ಕಳ್ಸಿದ್ರು.

ಅಪ್ಪ ಆರು ತಿಂಗ್ಳು ಒಂದು ದಿನಾನೂ ಬಿಡ್ದೆ ಮಾತ್ರೆ ತಗೊಂಡು ವಾಸಿಯಾದೋರು, ಈಗ್ಲೂ ಗದ್ದೆಗೆ ನೀರು ಕಟ್ಟೋಕೆ ರಾತ್ರಿ ಎದ್ದು ಹೋಗ್ತಾರೆ. ಮೂರು ದಿನದಿಂದ ಮಾತೇ ಆಡ್ತಿಲ್ಲ. ನಾನು ಅನ್ಕೊಂಡಿದ್ದು ಟಿಬಿ ರೋಗಾಣುವಿನಿಂದ ಬರೋದು ಅಷ್ಟೇ ಅಂತ, ಆದ್ರೆ ನೆಟ್ಟಲ್ಲಿ ನೋಡಿದ್ರೆ "ಜೀನ್ ಪಾತ್ರ ಇದೆ" ಅಂತಾನೂ ಬರತ್ತೆ. ಹಂಗಾದ್ರೆ ಆ ಜನ ಹೇಳಿದ್ದು ಸರೀನಾ? ದಯವಿಟ್ಟು ನೇರವಾಗಿ ಹೇಳಿ, ಸಮಾಧಾನಕ್ಕೆ ಸುಳ್ಳು ಬೇಡ.

ಬೆಣ್ಣೆದೋಸೆ_ಪ್ರಿಯ:
ಗುರು ಅಂಥ ಮನೆಗೆ ತಂಗಿ ಹೋಗ್ದೇ ಇದ್ದಿದ್ದೇ ಒಳ್ಳೇದಾಯ್ತು ಬಿಡು. ಆದ್ರೆ ಪ್ರಶ್ನೆ ಚೆನ್ನಾಗಿದೆ, ಫಾಲೋ ಮಾಡ್ತೀನಿ.

ಕಫದಡಬ್ಬಿ_ಮಾಮ:
ನಾನು ರಿಟೈರ್ಡ್ ಲ್ಯಾಬ್ ಟೆಕ್ನೀಷಿಯನ್ ಕಣಪ್ಪ, ಮೂವತ್ತು ವರ್ಷ ಕಫ ನೋಡಿ ನೋಡಿ ಕಣ್ಣು ಹೋಯ್ತು. ನೀಲಿ ಹಿನ್ನೆಲೆ ಮೇಲೆ ಕೆಂಪು ಕಡ್ಡಿಗಳು ಕಂಡ್ರೆ ಟಿಬಿ, ಅಲ್ಲಿ ಜಾತಿ ಕುಲ ಗೋತ್ರ ಏನೂ ಕಾಣಲ್ಲ. 1882ರ ಮಾರ್ಚ್ 24ಕ್ಕೆ ರಾಬರ್ಟ್ ಕಾಖ್ ಬರ್ಲಿನ್ನಲ್ಲಿ ನಿಂತು ಇದು ಬ್ಯಾಕ್ಟೀರಿಯಾ ಅಂತ ತೋರ್ಸಿದ, ಅದಕ್ಕಿಂತ ಮುಂಚೆ ಯುರೋಪಲ್ಲೂ ಬಹಳ ಡಾಕ್ಟ್ರುಗಳು ಇದು ಮನೆತನದ ಕಾಯ್ಲೆ ಅಂತಾನೇ ನಂಬಿದ್ರು. ಅಂದ್ರೆ ನಿಮ್ಮ ಬೀಗರಾಗ್ಬೇಕಿದ್ದೋರು ಇನ್ನೂ 1881ರಲ್ಲೇ ಇದಾರೆ.

ಒಂದೇ ಮನೇಲಿ ಮೂರು ಜನಕ್ಕೆ ಬರೋದು ಒಂದೇ ಗಾಳಿ ಕುಡಿಯೋದ್ರಿಂದ. ವಂಶ ಗಿಂಶ ಏನೂ ಇಲ್ಲ, ಜೀನ್ ಅನ್ನೋ ಮಾತೇ ಬೇಡ.

ಜೀನುಗೂಡು:
ಮಾಮ, ಕೊನೇ ಸಾಲು ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಒಪ್ತೀನಿ. (ನಾನು ಹ್ಯಾಂಬರ್ಗಲ್ಲಿ ಇಮ್ಯುನಾಲಜಿ ಪಿಎಚ್‌ಡಿ ಮಾಡ್ತಿದೀನಿ, ಊರು ಚನ್ನರಾಯಪಟ್ನ.)

ರೋಗಾಣು ಇಲ್ದೆ ಟಿಬಿ ಇಲ್ಲ, ಅದು ನೂರಕ್ಕೆ ನೂರು. ಆದ್ರೆ ರೋಗಾಣು ಒಳಗೆ ಹೋದೋರಿಗೆಲ್ಲಾ ಟಿಬಿ ಬರಲ್ಲ. ಪ್ರಪಂಚದ ಜನಸಂಖ್ಯೇಲಿ ಸುಮಾರು ಕಾಲು ಭಾಗದ ಜನಕ್ಕೆ ಈ ಬ್ಯಾಕ್ಟೀರಿಯಾ ಒಂದಲ್ಲ ಒಂದ್ಸಲ ಹೊಕ್ಕಿದೆ ಅಂತ ಅಂದಾಜು, ಅವ್ರಲ್ಲಿ ಇಡೀ ಜೀವಮಾನದಲ್ಲಿ ಕಾಯ್ಲೆ ಬೀಳೋದು 100ಕ್ಕೆ 5ರಿಂದ 10 ಜನ. ಮಿಕ್ಕ 90 ಜನದ ಶ್ವಾಸಕೋಶ ಅದನ್ನ ಮೂಲೇಲಿ ಕೂರ್ಸಿ ಬೀಗ ಹಾಕಿಬಿಡತ್ತೆ. ಯಾರು ಆ 10, ಯಾರು ಆ 90 ಅನ್ನೋದೇ ಪ್ರಶ್ನೆ, ಜೀನ್ ವಿಚಾರ ಬರೋದು ಅಲ್ಲಿ.

ನಾನಿರೋ ಊರಿಂದ ರೈಲಲ್ಲಿ ಮುಕ್ಕಾಲು ಗಂಟೆ ಹೋದ್ರೆ ಲ್ಯೂಬೆಕ್ ಅಂತ ಊರು ಸಿಗತ್ತೆ. 1930ರಲ್ಲಿ ಅಲ್ಲಿ ಸುಮಾರು 250 ಎಳೇ ಕೂಸುಗಳಿಗೆ ಬಿಸಿಜಿ (ಟಿಬಿ ತಡೆಯೋ ಲಸಿಕೆ) ಅಂತ ಬಾಯಿಗೆ ಹಾಕಿದ್ದರಲ್ಲಿ ಲ್ಯಾಬ್‌ನ ತಪ್ಪಿಂದ ನಿಜವಾದ ಟಿಬಿ ಬ್ಯಾಕ್ಟೀರಿಯಾ ಬೆರೆತೋಗಿತ್ತು. 72 ಮಕ್ಕಳು ಸತ್ವು. ಓದುವಾಗ ಹೊಟ್ಟೆ ಕಿವುಚತ್ತೆ. ಆದ್ರೆ ಉಳಿದ ಮಕ್ಕಳಲ್ಲಿ ಬಹಳಷ್ಟು ಜನ ಕಾಯ್ಲೆ ಬಿದ್ದೂ ತಾವಾಗೇ ಸುಧಾರ್ಸಿಕೊಂಡ್ರು, ಆಗ ಟಿಬಿಗೆ ಒಂದು ಮಾತ್ರೇನೂ ಇರ್ಲಿಲ್ಲ. ಒಂದೇ ರೋಗಾಣು, ಒಂದೇ ವಯಸ್ಸು, ಪರಿಣಾಮ ಮಾತ್ರ ಬೇರೆ ಬೇರೆ. ಹುಟ್ಟಿನಿಂದ ಬಂದ ವ್ಯತ್ಯಾಸಕ್ಕೆ ಇದೇ ಸಾಕ್ಷಿ ಅಂತ ಬಹಳ ವರ್ಷ ಹೇಳ್ತಿದ್ರು, ಇತ್ತೀಚೆಗೆ ಹಳೇ ದಾಖಲೆ ಮತ್ತೆ ತೆಗೆದು ನೋಡಿದ್ರೆ ಎಲ್ಲಾ ಮಕ್ಕಳಿಗೂ ಹೋದ ಡೋಸ್ ಒಂದೇ ಆಗಿರ್ಲಿಲ್ಲ, ಜಾಸ್ತಿ ಹೋದೋರೇ ಜಾಸ್ತಿ ಸತ್ತಿದ್ದು ಅಂತಾನೂ ಕಂಡಿದೆ. ಹಂಗಾಗಿ ಅದೊಂದನ್ನೇ ಹಿಡ್ಕೊಂಡು ವಾದ ಮಾಡಲ್ಲ.

ಅವಳಿಗಳ ಲೆಕ್ಕ ಇನ್ನೂ ಸ್ವಲ್ಪ ಗಟ್ಟಿ. ಬ್ರಿಟನ್ನಲ್ಲಿ ಟಿಬಿ ಮೇಲೆ ಪ್ರಾಫಿಟ್ ಸರ್ವೆ ಅಂತ ಆಗಿತ್ತು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ರಿಗೆ ಟಿಬಿ ಬಂದ್ರೆ ಇನ್ನೊಬ್ರಿಗೂ ಬಂದಿದ್ದು ಹೆಚ್ಚುಕಮ್ಮಿ ಮೂರರಲ್ಲಿ ಒಂದು ಜೋಡೀಲಿ, ಎರಡು ಅಂಡದ ಅವಳಿಗಳಲ್ಲಿ ಏಳರಲ್ಲಿ ಒಂದು. ಇಬ್ರೂ ಬೆಳೆಯೋದು ಒಂದೇ ಮನೇಲೇ ತಾನೆ, ಆದ್ರೂ ಇಷ್ಟು ವ್ಯತ್ಯಾಸ.

ಧಾರವಾಡ_ಫೇಡೆ:
ತಡೀರಿ ಜೀನುಗೂಡು ಅವ್ರೆ, ಅವಳಿ ಲೆಕ್ಕ ಹೇಳಿದ್ರಿ, ಅದರ ಹಿಂದಿನ ಕತಿನೂ ಹೇಳ್ರಿ. ಜರ್ಮನಿಯೊಳಗ ಅವಳಿಗಳ ಟಿಬಿ ಮ್ಯಾಲೆ 1930ರ ಸುಮಾರಿಗೆ ದೊಡ್ಡ ಕೆಲಸ ಮಾಡಿದಂವ ಫರ್ಶೂಯರ್, ಅವನ ಕೈಕೆಳಗಿನ ಅಸಿಸ್ಟೆಂಟ ಮುಂದ ನಾಜಿಗಳ ಕ್ಯಾಂಪ್ ಆಶ್ವಿಟ್ಜ್‌ನ್ಯಾಗ ಅವಳಿ ಮಕ್ಕಳನ್ನ ಕೊಂದ ಮೆಂಗೆಲೆ. "ಈ ವಂಶ ಕೆಟ್ಟದ್ದು, ಇವ್ರು ಮದಿವಿ ಆಗಬಾರ್ದು" ಅನ್ನೂ ಮಾತಿಗೆ ವಿಜ್ಞಾನದ ಅಂಗಿ ತೊಡಿಸಿದ್ದು ಇಂಥಾ ಮಂದಿನ. ಈಗ ಮದ್ದೂರಿನ ಹುಡುಗಿಗೆ ಹೇಳ್ಯಾರಲ್ಲ, ಅದೂ ಅದ ಮಾತು.

ನಾ ಹತ್ತು ವರ್ಷ ಹಳ್ಳಿ ಹಳ್ಳಿ ಅಡ್ಡಾಡಿ ಟಿಬಿ ಪೇಶೆಂಟ್ ಹುಡುಕೂ ಕೆಲಸ ಮಾಡೀನ್ರಿ. ನಾ ಕಂಡದ್ದು ಇಷ್ಟ: ಹೊಟ್ಟಿಗೆ ಇಲ್ಲದವ್ರು, ಕಲ್ಲು ಒಡೆಯೂ ಮಂದಿ, ಬೀಡಿ, ದಾರು, ಶುಗರು, ಕಿಟಕಿ ಇಲ್ಲದ ಮನಿ. ಕೆನಡಾದಾಗ ಮೂಲನಿವಾಸಿ ಮಕ್ಕಳು ಬೋರ್ಡಿಂಗ್ ಸಾಲಿಯೊಳಗ ಟಿಬಿಗೆ ಸಾಯಾಕತ್ತಾಗ ಪೀಟರ್ ಬ್ರೈಸ್ ಅನ್ನೂ ಡಾಕ್ಟರು 1907ರಾಗ ರಿಪೋರ್ಟ್ ಕೊಟ್ಟ, ಗಾಳಿ ಬೆಳಕಿಲ್ಲದ ಕೋಣಿಯೊಳಗ ತುಂಬ್ಯಾರ, ಅದಕ್ಕ ಸಾಯಾಕತ್ತಾವ ಅಂತ. ಸರಕಾರ ಕೇಳಲಿಲ್ಲ. ಆ ಮಂದಿ ರಕ್ತನ ವೀಕು ಅಂದ್ರ ಖರ್ಚು ಇಲ್ಲ ನೋಡ್ರಿ, ಕಿಟಕಿ ಇಡಬೇಕಂದ್ರ ಖರ್ಚು.

ಜೀನುಗೂಡು:
ನಿಮ್ಮ ಸಿಟ್ಟು ನ್ಯಾಯವಾಗೇ ಇದೆ, ಆ ಇತಿಹಾಸ ನಮಗೆ ಮೊದ್ಲ ಸೆಮಿಸ್ಟರ್‌ನಲ್ಲೇ ಓದುಸ್ತಾರೆ. ಪ್ರಾಫಿಟ್ ಸರ್ವೆ ಆ ಜರ್ಮನ್ನರದ್ದಲ್ಲ ಅನ್ನೋದು ಮಾತ್ರ ಹೇಳಿರ್ತೀನಿ. ಅದನ್ನೂ 1978ರಲ್ಲಿ ಅಮೆರಿಕದ ಕಾಮ್‌ಸ್ಟಾಕ್ ಅನ್ನೋರು ವಯಸ್ಸು, ಕಫದಲ್ಲಿ ರೋಗಾಣು ಇತ್ತೋ ಇಲ್ವೋ, ಇಂಥದ್ದೆಲ್ಲಾ ಕಳೆದು ಮತ್ತೆ ಲೆಕ್ಕ ಹಾಕಿದ್ರೂ ಸುಮಾರು ಎರಡು ಪಟ್ಟು ವ್ಯತ್ಯಾಸ ಉಳ್ಕೊಂಡಿತ್ತು.

ಕೆರೆದಂಡೆ:
ಅಯ್ಯೋ ಓದ್ತಾ ಓದ್ತಾ ನಂಗೆ ಇನ್ನೂ ಭಯ ಆಗ್ತಿದೆ. ಎರಡು ಪಟ್ಟು ಅಂದ್ರೆ ಅವ್ರು ಹೇಳಿದ್ದೇ ಸರಿ ಅಂತಾನಾ ಹಂಗಾದ್ರೆ?

ಜೀನುಗೂಡು:
ಇಲ್ಲ ಇಲ್ಲ. ನಾನೇ ಅರ್ಧಕ್ಕೆ ನಿಲ್ಸಿಬಿಟ್ಟೆ, ತಪ್ಪು ನಂದೇ. ಒಂದೇ ಅಂಡದ ಅವಳಿಗಳಿಗೆ ಇರೋದು ಜೆರಾಕ್ಸ್ ಮಾಡಿದಂಗೆ ಒಂದೇ ಜೀನ್‌ಗಳು. ಅಪ್ಪ ಮಗಳು ಹಂಗಲ್ಲ, ನಿಮ್ಮ ತಂಗಿಗೆ ಅಪ್ಪಂದು ಬಂದಿರೋದು ಅರ್ಧ, ಆ ಅರ್ಧ ಯಾವ್ದು ಅನ್ನೋದು ಲಾಟರಿ. "ಟಿಬಿ ಜೀನ್" ಅಂತ ಒಂದೇ ಒಂದು ಇದ್ದಿದ್ರೆ ಅದು ಇಷ್ಟೊತ್ತಿಗೆ ಸಿಕ್ಕಿರ್ಬೇಕಿತ್ತು. ಆಫ್ರಿಕಾ, ಏಷ್ಯಾ, ಯುರೋಪಿಂದ 14 ಸಾವಿರಕ್ಕೂ ಹೆಚ್ಚು ಟಿಬಿ ರೋಗಿಗಳ ಡಿಎನ್‌ಎ ಒಟ್ಟಾಕಿ ಮಾಡಿದ ದೊಡ್ಡ ವಿಶ್ಲೇಷಣೆ 2024ರಲ್ಲಿ ಬಂತು, ಅಷ್ಟು ಜಾಲಾಡಿ ಎಲ್ಲಾ ಜನಾಂಗದಲ್ಲೂ ನಿಲ್ಲೋಂಥದ್ದು ಸಿಕ್ಕಿದ್ದು ಎಚ್‌ಎಲ್‌ಎ ಅನ್ನೋ ಜಾಗದಲ್ಲಿ ಒಂದೇ ಒಂದು ಗುರುತು, ಅದರ ಪ್ರಭಾವಾನೂ ಸಣ್ಣದೇ. ಎಚ್‌ಎಲ್‌ಎ ಅಂದ್ರೆ ನಮ್ಮ ಜೀವಕೋಶ "ನೋಡಿ ಒಳಗೆ ಇಂಥೋನು ಸೇರ್ಕೊಂಡಿದಾನೆ" ಅಂತ ರೋಗಾಣುವಿನ ಚೂರನ್ನ ಬಾಗ್ಲಲ್ಲಿ ಹಿಡಿದು ತೋರ್ಸೋ ತಟ್ಟೆ ಅನ್ಕೊಳಿ. ಮಧುರೈ, ಚೆನ್ನೈನೋರೂ ಇದೇ ಜಾಗದಲ್ಲಿ ಡಿಆರ್2 ಅನ್ನೋ ಮಾದರಿಗೂ ಟಿಬಿಗೂ ನಂಟಿದೆ ಅಂತ ಎಷ್ಟೋ ಹಿಂದೇನೇ ಬರೆದಿದ್ರು. ಮಿಕ್ಕಿದ್ದು ನೂರಾರು ಸಣ್ಣ ಸಣ್ಣ ತೂಕ, ಒಂದು ಆ ಕಡೆ ಒಂದು ಈ ಕಡೆ. ಹುಡುಗನ ಮನೆಯೋರ ಡಿಎನ್‌ಎಲಿ ನಿಮ್ಮನೇಗಿಂತ ಜಾಸ್ತಿ ತೂಕ ಇರ್ಬೋದು, ಅವ್ರಿಗೆ ರೋಗಾಣು ಸಿಕ್ಕಿಲ್ಲ ಅಷ್ಟೇ.

ಅರಮನೆ_ಬೀದಿ:
ಮೈಸೂರಿನ ಪಿಕೆಟಿಬಿ ಆಸ್ಪತ್ರೆ ಎಲ್ರಿಗೂ ಗೊತ್ತು, ಪಿಕೆ ಅಂದ್ರೆ ಏನು ಅಂತ ಎಷ್ಟು ಜನಕ್ಕೆ ಗೊತ್ತು? ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ. ನಾಲ್ವಡಿಯವರ ಸೋದರಿ. ಅವ್ರೂ ಅವ್ರ ಹೆಣ್ಮಕ್ಳೂ ಕ್ಷಯದಿಂದಾನೇ ತೀರ್ಕೊಂಡಿದ್ದು, ಆ ನೆನಪಿಗೆ ಸ್ಯಾನಿಟೋರಿಯಂ ಕಟ್ಟಿಸಿದ್ದು. ಧಾರವಾಡದವರು ಹಸಿವು ಕಿಟಕಿ ಅಂದ್ರಲ್ಲ, ರಾಜಮನೆತನಕ್ಕೆ ಯಾವ ಹಸಿವು, ಯಾವ ಕಿಟಕಿ ಕಮ್ಮಿ ಇತ್ತು? ಅಲ್ಲಿ ರಕ್ತದ ಪಾತ್ರ ಇರ್ಲೇಬೇಕಲ್ವಾ?

ಕಫದಡಬ್ಬಿ_ಮಾಮ:
ತಾಯಿ ಮಕ್ಳು ಒಂದೇ ಕೋಣೇಲಿ ಮಲಗಿದ್ರೆ ಅರಮನೆ ಆದ್ರೇನು ಗುಡಿಸ್ಲಾದ್ರೇನು, ಔಷಧಿ ಇಲ್ದಿರೋ ಕಾಲ. ಹೇಳೋಕಾಗಲ್ಲಪ್ಪ.

ಜೀನುಗೂಡು:
ಮಾಮ ಅಂದಂಗೆ, ಒಂದು ಮನೆ ನೋಡಿ ಇದು ಜೀನೋ ಗಾಳಿಯೋ ಅಂತ ಬೇರೆ ಮಾಡೋಕೇ ಬರಲ್ಲ. ಗಾಳೀಲೂ ಒಂದು ತಮಾಷೆ ಇದೆ. ಕೇಪ್ ಟೌನ್ ಹತ್ರ ಟಿಬಿ ತುಂಬಾ ಇರೋ ಬಡಾವಣೇಲಿ ರೋಗಿಗಳ ಬ್ಯಾಕ್ಟೀರಿಯಾದ ಡಿಎನ್‌ಎ ಬೆರಳಚ್ಚು ತೆಗೆದು ತಾಳೆ ನೋಡಿದ್ರು, 2004ರಲ್ಲಿ ಬಂದಿದ್ದು. ಆ ಊರಲ್ಲಿ ಒಟ್ಟು ಹರಡ್ತಿದ್ದ ಟಿಬೀಲಿ ಮನೆಯೊಳಗೆ ಒಬ್ರಿಂದ ಒಬ್ರಿಗೆ ಹರಡಿದ್ದು ಸುಮಾರು ಐದರಲ್ಲಿ ಒಂದು ಪಾಲು ಮಾತ್ರ. ಮಿಕ್ಕಿದ್ದು ಹೊರಗಡೆಯಿಂದ. ಅಂದ್ರೆ ಒಂದೇ ಮನೇಲಿ ಇಬ್ರಿಗೆ ಬಂದ್ರೂ ಒಬ್ಬಂಗೆ ಬಸ್ಸಲ್ಲಿ, ಇನ್ನೊಬ್ಬಂಗೆ ಟೀ ಅಂಗ್ಡೀಲಿ ಅಂಟಿರ್ಬೋದು. ನಿಮ್ಮಪ್ಪಂಗೆ ದೊಡ್ಡಪ್ಪನಿಂದಾನೇ ಬಂತು ಅನ್ನೋಕೂ ಆಧಾರ ಇಲ್ಲ.

ಮಲ್ಲಿಗೆದಂಡೆ:
ನಾನು ಬರೀ ಓದ್ಕೊಂಡು ಹೋಗೋಳು, ಇವತ್ತು ಬರೀಬೇಕು ಅನ್ನಿಸ್ತು. ನಂದು ಸೋದರಮಾವನ ಜೊತೇನೇ ಮದುವೆ. ಮಗ ಹುಟ್ಟಿದಾಗ ಎಲ್ಲಾ ಮಕ್ಕಳಂಗೆ ಎಡತೋಳಿಗೆ ಬಿಸಿಜಿ ಹಾಕಿದ್ರು. ನಾಕನೇ ತಿಂಗಳಿಗೆ ಕಂಕುಳಲ್ಲಿ ಗಂಟು, ಇದು ಕೆಲವು ಮಕ್ಕಳಿಗೆ ಆಗತ್ತೆ ತಾನಾಗೇ ಹೋಗತ್ತೆ ಅಂದ್ರು, ಎಷ್ಟೋ ಮಕ್ಕಳಿಗೆ ಹೋಗತ್ತೆ ಕೂಡ, ಅದಕ್ಕೆ ಯಾರೂ ಗಾಬರಿ ಆಗ್ಬೇಡಿ. ನಮ್ಮ ಮಗಂಗೆ ಹೋಗ್ಲಿಲ್ಲ. ಜ್ವರ ಬಿಡ್ಲಿಲ್ಲ, ಹೊಟ್ಟೆ ಊದ್ಕೊಂಡ್ತು, ಕುತ್ತಿಗೇಲೂ ಗಂಟು ಬಂತು. ಎರಡು ಆಸ್ಪತ್ರೆ ಸುತ್ತಿದ ಮೇಲೆ ಮೂರನೇ ಕಡೆ ಒಬ್ಬ ಡಾಕ್ಟರಮ್ಮ ರಕ್ತ ತೆಗೆದು ಜೀನ್ ಟೆಸ್ಟಿಗೆ ಕಳ್ಸಿದ್ರು. ಲಸಿಕೇಲಿರೋ ಸೌಮ್ಯವಾದ ಬ್ಯಾಕ್ಟೀರಿಯಾನೇ ಮಗು ಮೈಯೆಲ್ಲಾ ಹರಡಿತ್ತು. ಐಎಲ್12 ರಿಸೆಪ್ಟರ್ (ರೋಗದ ವಿರುದ್ಧ ಕಣಗಳು ಕಳ್ಸೋ ಸಂದೇಶ ಹಿಡಿಯೋ ಜಾಗ) ಅನ್ನೋದರಲ್ಲಿ ದೋಷ, ನಂದೊಂದು ಅವರಪ್ಪಂದೊಂದು ಕೆಟ್ಟ ಪ್ರತಿ ಸೇರಿ ಎರಡೂ ಅವನಿಗೆ ಬಂದಿತ್ತು.

ಒಂದೂವರೆ ವರ್ಷ ಟಿಬಿ ಔಷಧಿ, ಜೊತೆಗೆ ಇಂಟರ್‌ಫೆರಾನ್ ಗಾಮಾ ಇಂಜೆಕ್ಷನ್ನು. ಈಗ ಆರು ವರ್ಷ, ಸ್ಕೂಲಿಗೆ ಹೋಗ್ತಾನೆ, ಮಧ್ಯೆ ಎರಡು ಸಲ ಸಾಲ್ಮೊನೆಲ್ಲಾ ಜ್ವರ ಬಂತು, ಅದೂ ಈ ದೋಷದ ಲಕ್ಷಣಾನೇ ಅಂತೆ.

ನಾನು ಹೇಳೋಕೆ ಬಂದಿದ್ದು ಏನಂದ್ರೆ, ನಮ್ಮ ಎರಡೂ ಮನೇಲಿ ಅಜ್ಜಿ ಮುತ್ತಜ್ಜಿ ಕಾಲದಿಂದ ಒಬ್ರಿಗೂ ಟಿಬಿ ಬಂದಿದ್ದು ಕೇಳಿಲ್ಲ. ನಮ್ಮ ಮದುವೆ ಮಾತುಕತೇಲಿ ಯಾರೂ ಏನೂ ವಿಚಾರ್ಸ್ಲಿಲ್ಲ, ಮನೇದೇ ಹುಡುಗಿ ಅಂತ ಎಲ್ರಿಗೂ ಖುಷಿ. ನಿಜವಾಗ್ಲೂ ಜೀನ್ ಇದ್ದಿದ್ದು ನಮ್ಮನೇಲಿ ಕೆರೆದಂಡೆಯವ್ರೆ, ನಿಮ್ಮನೇಲಲ್ಲ.

ಬೆಣ್ಣೆದೋಸೆ_ಪ್ರಿಯ:
ಅಕ್ಕಾ 🙏 ಮಗು ಚೆನ್ನಾಗಿರ್ಲಿ.

ಜೀನುಗೂಡು:
ಅಕ್ಕ, ನೀವು ಬರೆದಿದ್ದು ನಾನು ಹತ್ತು ಪ್ಯಾರಾ ಬರೆದ್ರೂ ಹೇಳೋಕಾಗ್ತಿರ್ಲಿಲ್ಲ. ಈ ಥರದ ದೋಷ ಮೊದಲು ಗುರುತಿಗೆ ಸಿಕ್ಕಿದ್ದು 1996ರಲ್ಲಿ, ಮಾಲ್ಟಾ ದೇಶದ ಒಂದೇ ಹಳ್ಳಿ ಮಕ್ಕಳಲ್ಲಿ ಮತ್ತೆ ಬಿಸಿಜಿಯಿಂದ ಕಾಯ್ಲೆ ಬಿದ್ದ ಒಂದು ಟ್ಯುನೀಷಿಯಾ ಮಗೂಲಿ. ಅಲ್ಲಿ ಕೆಟ್ಟಿದ್ದು ಇಂಟರ್‌ಫೆರಾನ್ ಗಾಮಾದ ರಿಸೆಪ್ಟರ್. ವಿಷಯ ಏನಂದ್ರೆ, ಬ್ಯಾಕ್ಟೀರಿಯಾನ ನುಂಗೋದು ಮ್ಯಾಕ್ರೋಫೇಜ್ ಅನ್ನೋ ಕಣ, ನುಂಗಿದ ಮೇಲೆ ಅದು ಐಎಲ್12 ಅಂತ ಕೂಗು ಹಾಕತ್ತೆ, ಟಿ ಕಣ ಅದನ್ನ ಕೇಳಿಸ್ಕೊಂಡು ಇಂಟರ್‌ಫೆರಾನ್ ಗಾಮಾ ಕಳ್ಸತ್ತೆ, ಅದು ಬಂದು ಮುಟ್ಟಿದ್ಮೇಲೇ ಮ್ಯಾಕ್ರೋಫೇಜ್‌ಗೆ ನುಂಗಿದ್ದನ್ನ ಸುಡೋ ಶಕ್ತಿ ಬರೋದು. ಕೂಗೋನ ಗಂಟ್ಲು ಕೆಟ್ರೂ, ಕೇಳೋನ ಕಿವಿ ಕೆಟ್ರೂ ಕೆಲ್ಸ ಕೆಟ್ಟಂಗೆ. ಅಕ್ಕನ ಮಗಂದು ಕಿವಿ ತೊಂದ್ರೆ, ಅದಕ್ಕೇ ಹೊರಗಿಂದ ಇಂಟರ್‌ಫೆರಾನ್ ಕೊಟ್ರೆ ಕೆಲ್ಸ ಮಾಡತ್ತೆ. ಮಾಲ್ಟಾ ಮಕ್ಕಳಿಗೆ ಅದೂ ಪ್ರಯೋಜನ ಇಲ್ಲ, ಇಂಟರ್‌ಫೆರಾನ್ ಹಿಡಿಯೋ ಜಾಗಾನೇ ಕೆಟ್ಟಿರತ್ತಲ್ಲ.

ಇವು ಅಪರೂಪ. ಆದ್ರೆ ನಮ್ಮ ಕಡೆ ನಾಕು ಮದುವೇಲಿ ಹೆಚ್ಚುಕಮ್ಮಿ ಒಂದು ಸಂಬಂಧದೊಳಗೇ ಆಗೋದ್ರಿಂದ ಎರಡು ಕೆಟ್ಟ ಪ್ರತಿ ಒಂದೇ ಮಗೂಗೆ ಸೇರೋ ಅವಕಾಶ ಬೇರೆ ಕಡೆಗಿಂತ ಜಾಸ್ತಿ.

ಯುರೋಪಲ್ಲಿ ಇನ್ನೊಂದಿದೆ, ಟಿವೈಕೆ2 ಅನ್ನೋ ಜೀನ್‌ನಲ್ಲಿ ಒಂದು ಬದಲಾವಣೆ, 600 ಜನಕ್ಕೆ ಒಬ್ರಿಗೆ ಎರಡೂ ಪ್ರತಿ ಹಂಗೇ ಇರತ್ತೆ, ಅವ್ರಿಗೆ ಟಿಬಿ ಸಾಧ್ಯತೆ ಜಾಸ್ತಿ. ಹಳೇ ಗೋರಿಗಳ ಎಲುಬಿನ ಡಿಎನ್‌ಎ ನೋಡಿದ್ರೆ ಕಳೆದ 2,000 ವರ್ಷದಲ್ಲಿ ಅದು ಅಲ್ಲಿ ಕಮ್ಮಿಯಾಗ್ತಾ ಬಂದಿರೋದು ಕಾಣತ್ತೆ, ಟಿಬಿನೇ ಆರಿಸಿ ಆರಿಸಿ ತೆಗೆದಂಗೆ. ಅದೇ ಬದಲಾವಣೆ ಸೋರಿಯಾಸಿಸ್, ಸಂಧಿವಾತ ಇಂಥವು ಬರ್ದಂಗೆ ಕಾಪಾಡತ್ತೆ ಬೇರೆ! ಒಳ್ಳೇ ಜೀನ್ ಕೆಟ್ಟ ಜೀನ್ ಅನ್ನೋ ಮಾತು ಅಲ್ಲಿಗೇ ಮುಗೀತು.

ಹಾಸನದ_ಅಳಿಯ:
ಸಂಧಿವಾತ ಅಂದ್ರಿ, ನಮ್ಮತ್ತೆಗೆ ಅದಕ್ಕೆ ಅಡಾಲಿಮುಮಾಬ್ ಇಂಜೆಕ್ಷನ್ ಶುರು ಮಾಡೋಕ್ ಮುಂಚೆ ಡಾಕ್ಟ್ರು ಟಿಬಿ ಟೆಸ್ಟ್ ಮಾಡ್ಸಿದ್ರು. ಕೆಮ್ಮೇ ಇಲ್ವಲ್ಲ, ದುಡ್ಡು ಕೀಳೋಕೆ ಅಂತ ಬೈಕೊಂಡಿದ್ದೆ.

ಜೀನುಗೂಡು:
ಬೈಬೇಡಿ, ಒಳ್ಳೇ ಡಾಕ್ಟ್ರು. ಆ ಇಂಜೆಕ್ಷನ್ ತಡೆಯೋದು ನಮ್ಮ ರೋಗನಿರೋಧಕ ಕಣಗಳು ಬಿಡೋ ಟಿಎನ್‌ಎಫ್ ಅನ್ನೋದನ್ನ, ಒಳಗೆ ಬೀಗ ಹಾಕಿರೋ ಟಿಬಿಗೆ ಆ ಬೀಗಾನೇ ಟಿಎನ್‌ಎಫ್. ಈ ಥರದ ಔಷಧಿ ತಗೊಂಡೋರಲ್ಲಿ ಟಿಬಿ ಎದ್ದು ಬರ್ತಿದೆ ಅಂತ 2001ರಲ್ಲೇ ಗೊತ್ತಾಗಿತ್ತು. 2024ರಲ್ಲಿ ಕೊಲಂಬಿಯಾ ದೇಶದ ಒಂದೇ ಕುಟುಂಬದ ಇಬ್ರಲ್ಲಿ ಹುಟ್ಟಿನಿಂದಾನೇ ಟಿಎನ್‌ಎಫ್ ಇಲ್ದಿರೋದು ಸಿಕ್ತು, ಅವ್ರಿಗೆ ಮತ್ತೆ ಮತ್ತೆ ಶ್ವಾಸಕೋಶದ ಟಿಬಿ, ಬೇರೇನೂ ದೊಡ್ಡ ಕಾಯ್ಲೆ ಇಲ್ಲ. ಔಷಧಿ ಮಾಡಿದ್ದನ್ನೇ ಜೀನ್ ಮಾಡಿತ್ತು.

ಕಡಲತಡಿ:
ನಾನು ಮಂಗಳೂರು ಕಡೆ ಆಸ್ಪತ್ರೆಯಲ್ಲಿ ನರ್ಸ್ ಮಾರಾಯ್ರೆ. ಇಷ್ಟು ಜೀನ್ ಜೀನ್ ಹೇಳಿದ್ರಲ್ಲ, ನಾವು ವಾರ್ಡಲ್ಲಿ ಜೀನ್ ಆಟ ನೋಡುವುದು ಬೇರೆ ಕಡೆ. ಟಿಬಿಗೆ ಕೊಡುವ ಐಸೋನಿಯಜಿಡ್ ಮಾತ್ರೆಯನ್ನು ಲಿವರ್ ಕರಗಿಸುವುದು ಎನ್‌ಎಟಿ2 ಅನ್ನುವ ಜೀನ್ ಲೆಕ್ಕದಲ್ಲಿ, ಕೆಲವರದ್ದು ಬೇಗ, ಕೆಲವರದ್ದು ನಿಧಾನ, ನಮ್ಮಲ್ಲಿ ನಿಧಾನದವರೇ ಜಾಸ್ತಿ. ನಿಧಾನದವರಿಗೆ ಮದ್ದು ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ, ಕಾಲು ಜೋಮು ಹಿಡಿಯುವುದು, ಲಿವರ್ ಪೆಟ್ಟು ತಿನ್ನುವುದು ಅವರಿಗೆ ಹೆಚ್ಚು. ಬಿ6 ಮಾತ್ರೆ ಜೊತೆಗೆ ಕೊಡುವುದು ಅದಕ್ಕೇ. ಮೂತ್ರ ಕಿತ್ತಳೆ ಬಣ್ಣ ಆದರೆ ಹೆದರಬೇಡಿ, ಅದು ರಿಫಾಂಪಿಸಿನ್ ಅನ್ನುವ ಇನ್ನೊಂದು ಟಿಬಿ ಮದ್ದಿನ ಬಣ್ಣ. ಆದರೆ ಕಣ್ಣು ಹಳದಿ ಆದರೆ, ವಾಂತಿ ನಿಲ್ಲದಿದ್ದರೆ ಅದೇ ದಿನ ಡಾಕ್ಟ್ರ ಹತ್ರ ಹೋಗಿ.

ಮತ್ತೆ ಧಾರವಾಡದವರು ಹೇಳಿದ ಹಸಿವಿನ ಮಾತಿಗೆ ನನ್ನದೂ ಓಟು. ನಮ್ಮ ಮಂಗಳೂರಿನದ್ದೇ ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ ಅವರ ತಂಡ ಜಾರ್ಖಂಡದಲ್ಲಿ ಒಂದು ಪ್ರಯೋಗ ಮಾಡಿತ್ತು, 2023ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಟಿಬಿ ರೋಗಿಗಳ ಮನೆಯವರು ಹತ್ತು ಸಾವಿರಕ್ಕೂ ಹೆಚ್ಚು ಜನ. ಅರ್ಧ ಊರುಗಳಲ್ಲಿ ಮನೆಯ ತಲಾ ಒಬ್ಬರಿಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ವಿಟಮಿನ್ ಮಾತ್ರೆ. ಅಷ್ಟೇ. ಟಿಬಿ 39 ಪರ್ಸೆಂಟ್ ಕಮ್ಮಿ ಆಯಿತು, ಕಫದಲ್ಲಿ ಖಚಿತವಾದ ಶ್ವಾಸಕೋಶದ ಟಿಬಿ ಮಾತ್ರ ನೋಡಿದರೆ 48 ಪರ್ಸೆಂಟ್. ಆ ಮನೆಯವರ ಜೀನ್ ಯಾರೂ ಬದಲಾಯಿಸಲಿಲ್ಲ.

ಧಾರವಾಡ_ಫೇಡೆ:
ಇದನ್ನ ಹೇಳಾಕ ಬಂದಿದ್ದೆ ನಾ, ಅಕ್ಕಾರು ನನಗಿಂತ ಛಲೋ ಹೇಳಿದ್ರು. ಬ್ಯಾಳಿ ಮುಂದ ಯಾವ ಜೀನ್ ನಿಂತೀತ್ರಿ.

ಅರಮನೆ_ಬೀದಿ:
ಹಂಗಾದ್ರೆ ವಿಟಮಿನ್ ಡಿ ತಗೊಂಡ್ರೆ ಟಿಬಿ ಬರಲ್ಲ ಅಂತಾರಲ್ಲ, ಅದು ನಿಜಾನಾ? ಲಂಡನ್ನಲ್ಲಿರೋ ಕಸಿನ್ ಹೇಳ್ತಿದ್ದ.

ಜೀನುಗೂಡು:
ಅದಕ್ಕೂ ಲಂಡನ್ನಿಗೂ ಸಂಬಂಧ ಇದೆ. 2000ರಲ್ಲಿ ಅಲ್ಲಿನ ಗುಜರಾತಿಗಳ ಮೇಲೆ ಒಂದು ಅಧ್ಯಯನ ಬಂತು, ವಿಟಮಿನ್ ಡಿ ರಿಸೆಪ್ಟರ್ ಜೀನ್‌ನ ಒಂದು ಮಾದರಿ ಜೊತೆ ಡಿ ಕೊರತೇನೂ ಸೇರಿದೋರಲ್ಲಿ ಟಿಬಿ ಜಾಸ್ತಿ ಕಾಣ್ತು. ಬಿಸಿಲಿಲ್ದಿರೋ ಊರಲ್ಲಿ ಸಸ್ಯಾಹಾರಿಗಳು, ನೋಡಿ. ಎಲ್ರೂ ಕುಣಿದಾಡಿದ್ರು. ಆಮೇಲೆ ಮಂಗೋಲಿಯಾದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳಿಗೆ ಮೂರು ವರ್ಷ ಡಿ ಕೊಟ್ಟು ನೋಡಿದ್ರು, ಟಿಬಿ ಸೋಂಕು ಕಮ್ಮಿ ಆಗ್ಲಿಲ್ಲ. ಕೊರತೆ ಇದ್ರೆ ತಗೊಳಿ, ಟಿಬಿಗೆ ತಾಯತ ಅಂತ ಅಲ್ಲ.

ಕಡಲತಡಿ:
ಕೆರೆದಂಡೆ ಅವರೇ, ಒಂದು ಕೇಳ್ತೇನೆ. ಅಪ್ಪನಿಗೆ ಆಗ ಶುಗರ್ ಇತ್ತಾ? ಮತ್ತೆ ಅವರ ಆರೈಕೆ ಮಾಡಿದ್ದು ಯಾರು?

ಕೆರೆದಂಡೆ:
ಹೂಂ ಇತ್ತು, ಟಿಬಿ ಟೆಸ್ಟ್ ಮಾಡ್ಸೋಕೆ ಹೋದಾಗ್ಲೇ ಶುಗರ್ ಇರೋದೂ ಗೊತ್ತಾಗಿದ್ದು. ದೊಡ್ಡಪ್ಪ ಬೀಡಿ, ದಿನಕ್ಕೆ ಎರಡು ಕಟ್ಟು. ಆರೈಕೆ ಎಲ್ಲಾ ಅಮ್ಮಾನೇ, ಅಪ್ಪನ ಪಕ್ಕದಲ್ಲೇ ಮಲಗ್ತಿದ್ರು, ಯಾರೆಷ್ಟು ಹೇಳಿದ್ರೂ ಕೇಳ್ಲಿಲ್ಲ. ಅಮ್ಮಂಗೆ ಏನೂ ಆಗ್ಲಿಲ್ಲ.

ಕಡಲತಡಿ:
ನೋಡಿ, ಶುಗರ್ ಇದ್ದವರಿಗೆ ಟಿಬಿ ಸಾಧ್ಯತೆ ಸುಮಾರು ಮೂರು ಪಟ್ಟು. ಬೀಡಿ ಸಿಗರೇಟಿಗೆ ಸುಮಾರು ಎರಡು ಪಟ್ಟು. ನಿಮ್ಮ ಮನೆಯ "ವಂಶ" ಅಲ್ಲೇ ಅರ್ಧ ಮುಗಿಯಿತು. ಅಮ್ಮನ ಮೈಯಲ್ಲಿ ಸೋಂಕು ಸುಮ್ಮನೆ ಕೂತಿರಲಿಕ್ಕೂ ಸಾಕು, ಅವರ ಶುಗರ್ ಒಮ್ಮೆ ನೋಡಿಸಿ. ಆಶಾ ಕಾರ್ಯಕರ್ತೆಗೆ ಹೇಳಿದರೂ ಆಯಿತು.

ಕಫದಡಬ್ಬಿ_ಮಾಮ:
ನಾನು ಮೊದಲ್ನೇ ಕಾಮೆಂಟಲ್ಲಿ ಜೀನ್ ಮಾತೇ ಬೇಡ ಅಂದಿದ್ದೆ. ವಾಪಸ್ ತಗೋತೀನಿ, ಮಲ್ಲಿಗೆದಂಡೆ ಅಮ್ಮನ ಮಗನ ವಿಚಾರ ಓದಿ. ಮೂವತ್ತು ವರ್ಷದಲ್ಲಿ ಅಂಥ ಕೂಸು ಎಷ್ಟು ನನ್ನ ಮುಂದೆ ಹಾದೋಗಿರ್ಬೋದೋ, ಬಿಸಿಜಿ ಗಂಟು ಅಂತ ಬರೆದು ಕಳ್ಸಿರ್ತೀವಿ.

ಬೆಣ್ಣೆದೋಸೆ_ಪ್ರಿಯ:
ಕೆರೆದಂಡೆ, ಆ ಹುಡುಗನ ಕತೆ ಏನಾಯ್ತು ಗುರು?

ಕೆರೆದಂಡೆ:
ಏನಿಲ್ಲ. ಬ್ರೋಕರ್ ನಿನ್ನೆ ಮತ್ತೆ ಫೋನ್ ಮಾಡಿದ್ದ, "ಡಾಕ್ಟ್ರ ಹತ್ರ ಏನೂ ಇಲ್ಲ ಅಂತ ಒಂದು ಸರ್ಟಿಫಿಕೇಟ್ ತಂದ್ರೆ ಮಾತಾಡಿ ನೋಡ್ತೀನಿ" ಅಂತ. ತಂಗಿ ಇಲ್ಲಿ ಬಂದಿರೋದೆಲ್ಲಾ ಕೂತು ಓದಿದಾಳೆ. ಫೋನ್ ಅವಳೇ ಇಸ್ಕೊಂಡು, ಹುಡುಗ ಹೆಣ್ಣು ನೋಡೋಕೆ ಬಂದಾಗ ಎರಡು ಸಲ ಹಿತ್ಲಿಗೆ ಹೋಗಿ ಸಿಗರೇಟ್ ಸೇದಿದ್ದು ನಾನು ನೋಡಿದೀನಿ, ಮೊದ್ಲು ಅವನ ಎಕ್ಸ್‌ರೇ ಕಳ್ಸೋಕೆ ಹೇಳಿ ಅಂದ್ಲು. ಅಪ್ಪ ಮೂರು ದಿನ ಆದ್ಮೇಲೆ ಅವಾಗ ನಕ್ರು.

ಕಡಲತಡಿ ಅಕ್ಕ, ಇವತ್ತು ಅಮ್ಮನ್ನ ಪಿಎಚ್‌ಸಿಗೆ ಕರ್ಕೊಂಡೋಗಿದ್ದೆ. ಶುಗರ್ 240 ಇದೆ, ಒಂದು ದಿನಾನೂ ಗೊತ್ತಿರ್ಲಿಲ್ಲ. ಕೆಮ್ಮು ಇಲ್ಲ, ಆದ್ರೂ ಎಕ್ಸ್‌ರೇಗೆ ಬರ್ಕೊಟ್ಟಿದಾರೆ, ನಾಳೆ ಬೆಳಿಗ್ಗೆ ಮಂಡ್ಯಕ್ಕೆ ಹೋಗ್ತಿದೀವಿ.